ಮೂರು ಲ್ಯಾಪ್‌ಟಾಪ್, ಒಂದು ಮಳೆ ಪುಸ್ತಕ

ಜುಲೈನಲ್ಲಿ ನಮ್ಮ ಸೋಮವಾರಪೇಟೆ ಕಡೆ ಒಗೆದ ಬಟ್ಟೆ ಒಣಗುವುದಿಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ನಾಲ್ಕು ದಿನ ಹಾಕಿದರೂ ಹೊಗೆ ವಾಸನೆ ಹಿಡಿಯುತ್ತದೆ, ಅಷ್ಟೇ. ಅಂಥ ಒಂದು ವಾರದಲ್ಲಿ, ಮಳೆಗೆ ಅಂತ ಶಾಲೆ ಕಾಲೇಜಿಗೆ ರಜೆ ಕೊಟ್ಟಿದ್ದಾಗ, ಮೂರು ಜನ ಮಕ್ಕಳು ಮೂರು ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಒಬ್ಬ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ, ಅವನದು ವಿಂಡೋಸ್. ಇನ್ನೊಬ್ಬಳು ಪಕ್ಕದ ತೋಟದವರ ಮಗಳು, ಬಿಸಿಎ ಓದುತ್ತಾಳೆ. ಬೆಂಗಳೂರಿನಲ್ಲಿರುವ ಅವಳ ಅಣ್ಣ ಹೊಸದು ತಗೊಂಡು ಹಳೇ ಮ್ಯಾಕ್‌ಬುಕ್ ಇವಳಿಗೆ ಕೊಟ್ಟಿದ್ದ. ಮೂರನೆಯವನು ಮೇಷ್ಟ್ರ ಮಗ, ಇನ್ನೂ ಪಿಯುಸಿ. ಅವನ ಲ್ಯಾಪ್‌ಟಾಪ್ ಎಷ್ಟು ಹಳೆಯದು ಅಂದರೆ ವಿಂಡೋಸ್ ಎಳೆಯಲಾರದೆ ಮಲಗಿಬಿಟ್ಟಿತ್ತು, ಯಾರೋ ಪುಣ್ಯಾತ್ಮರು ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ (ಒಎಸ್) ಹಾಕಿಕೊಟ್ಟು ಎಬ್ಬಿಸಿದ್ದರು.

"ಮಾಮ, ಪೈಥಾನ್ ಹೇಳಿಕೊಡು" ಅಂದ ಅಕ್ಕನ ಮಗ.

ಪೈಥಾನ್ ಅಂದರೆ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಒಂದು ಭಾಷೆ. ನಾನು ಈ ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಕೋವಿಡ್ ಸಮಯದಲ್ಲಿ ಊರಿಗೆ ಬಂದವನು ಮತ್ತೆ ಬೆಂಗಳೂರಿಗೆ ಹೋಗಲಿಲ್ಲ, ಇಲ್ಲಿಂದಲೇ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳಿದೆ, ಬೆಳಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟದೊಳಗೆ ಮೊದಲ ಪ್ರೋಗ್ರಾಮ್ ಓಡುತ್ತದೆ ಅಂತ. ಓಡಿದ್ದು ಮೂರನೇ ದಿನ ಸಂಜೆ. ಮಧ್ಯದ ಹೊತ್ತೆಲ್ಲ ಹೋಗಿದ್ದು ಪ್ರೋಗ್ರಾಮ್ ಬರೆಯುವುದರಲ್ಲಲ್ಲ, ಬರೆಯೋದಕ್ಕೆ ಬೇಕಾದ ಸಾಮಾನು ಇನ್‌ಸ್ಟಾಲ್ ಮಾಡುವುದರಲ್ಲಿ.

ಕೊಟ್ಟ ಕೆಲಸ ಬಹಳ ಸಣ್ಣದು. ನಮ್ಮಪ್ಪನ ಹತ್ತಿರ ಮಳೆ ಪುಸ್ತಕ ಇದೆ. ತೋಟದವರಿಗೆಲ್ಲ ಗೊತ್ತಿರುವ ವಿಷಯ. ಬೆಳಗ್ಗೆ ಎದ್ದು ಅಂಗಳದ ರೇನ್ ಗೇಜ್ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ನೂರು ಸೆಂಟ್ ಅಂದರೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಹೇಳಿಕೊಂಡರೂ ಕೊಡಗಿನ ತೋಟಗಳಲ್ಲಿ ಇವತ್ತಿಗೂ "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಅಂತಲೇ ಕೇಳುವುದು. ಅಪ್ಪ ಇಂಚು ಬರೆದು, ಒಂದು ಚುಕ್ಕೆ ಇಟ್ಟು, ಸೆಂಟ್ ಬರೆಯುತ್ತಾರೆ. ಪಕ್ಕದಲ್ಲಿ ಒಂದೆರಡು ಮಾತು: ಜೋರು ಗಾಳಿ, ಕರೆಂಟ್ ಇಲ್ಲ, ಸಿಲ್ವರ್ ಮರ ಬಿತ್ತು. ಹೋದ ವರ್ಷದ ಜುಲೈ ಪುಟವನ್ನು ಮಕ್ಕಳು ಹಾಗೇ ನೋಡಿಕೊಂಡು ಒಂದು ಫೈಲ್‌ನಲ್ಲಿ ಟೈಪ್ ಮಾಡಬೇಕು, ಪೈಥಾನ್ ಅದನ್ನು ಓದಿ ತಿಂಗಳ ಒಟ್ಟು ಹೇಳಬೇಕು. ಹತ್ತು ಸಾಲಿನ ಪ್ರೋಗ್ರಾಮ್.

ವಿಂಡೋಸ್‌ನಿಂದ ಶುರು ಮಾಡಿದೆವು, ಅವನು ಆಗಲೇ ಇನ್‌ಸ್ಟಾಲ್ ಮಾಡಿಕೊಂಡು ಬಂದಿದ್ದೇನೆ ಅಂದಿದ್ದಕ್ಕೆ. ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆಗೆದು ಪೈಥಾನ್ ಅಂತ ಟೈಪ್ ಮಾಡಿದ. ಪೈಥಾನ್ ಬರಲಿಲ್ಲ, ಮೈಕ್ರೋಸಾಫ್ಟ್ ಸ್ಟೋರ್ ಬಂತು! ಇದು 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಇರುವ ಏರ್ಪಾಡು. ಪೈಥಾನ್ ಸಿಗದಿದ್ದರೆ ಕಂಪ್ಯೂಟರ್ ನಿಮ್ಮನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತದೆ. ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಮನೆಯಲ್ಲಿ ಅಕ್ಕಿ ಇದ್ದೂ ಡಬ್ಬ ಎಲ್ಲಿದೆ ಅಂತ ಗೊತ್ತಾಗದೆ ಮತ್ತೆ ಅಂಗಡಿಗೆ ಓಡಿದ ಹಾಗಾಯಿತು. ನಾನು ಬೇಡ ಅನ್ನುವಷ್ಟರಲ್ಲಿ ಅವನು ಸ್ಟೋರ್‌ನಿಂದ ಇನ್ನೊಂದು ಪೈಥಾನ್ ಇಳಿಸಲು ಒತ್ತಿ ಆಗಿತ್ತು.

ಮೊದಲನೆಯದು ಯಾಕೆ ಸಿಗಲಿಲ್ಲ? ಪೈಥಾನ್‌ನ ವಿಂಡೋಸ್ ಇನ್‌ಸ್ಟಾಲರ್ ತೆರೆದಾಗ ಮೊದಲ ಪುಟದಲ್ಲೇ, ಕೆಳಗೆ, ಒಂದು ಸಣ್ಣ ಚೌಕ ಇರುತ್ತದೆ. ಪೈಥಾನನ್ನು ಪಾಥ್‌ಗೆ ಸೇರಿಸು ಅನ್ನುವ ಚೌಕ. ಅದರಲ್ಲಿ ಟಿಕ್ ಇರುವುದಿಲ್ಲ. ನೀವಾಗಿ ಹಾಕಬೇಕು. ಮೇಲೆ ದೊಡ್ಡದಾಗಿ ಇನ್‌ಸ್ಟಾಲ್ ನೌ ಅಂತ ಇರುವಾಗ ಕೆಳಗಿನ ಚೌಕ ಯಾರು ನೋಡುತ್ತಾರೆ? ಆ ಒಂದು ಚೌಕಕ್ಕೆ ಎಷ್ಟು ಜನರ ಎಷ್ಟು ಸಂಜೆ ಹೋಗಿದೆಯೋ ದೇವರಿಗೇ ಗೊತ್ತು.

ಪಾಥ್ ಅಂದರೆ ಏನು ಅಂತ ಮೂವರನ್ನೂ ಕೂರಿಸಿ ಹೇಳಬೇಕಾಯಿತು. ನಮ್ಮೂರಲ್ಲಿ ಪಾರ್ಸೆಲ್ ಮನೆ ಬಾಗಿಲಿಗೆ ಬರುವುದಿಲ್ಲ. ಕೊರಿಯರ್‌ನವನು ಜಂಕ್ಷನ್‌ನಲ್ಲಿ ಯಾವುದೋ ಒಂದು ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ತರಲು ಹೋಗುವವನಿಗೆ ಅಮ್ಮ ಹೇಳಿ ಕಳಿಸುತ್ತಾರೆ: ಮೊದಲು ದಿನಸಿ ಅಂಗಡಿಯಲ್ಲಿ ಕೇಳು, ಅಲ್ಲಿ ಇಲ್ಲದಿದ್ರೆ ಮೆಡಿಕಲ್‌ನಲ್ಲಿ, ಅಲ್ಲೂ ಇಲ್ಲದಿದ್ರೆ ಬೇಕರಿಯಲ್ಲಿ. ಅವನು ಅದೇ ಸಾಲಿನಲ್ಲಿ ಕೇಳುತ್ತಾ ಹೋಗುತ್ತಾನೆ. ಮೊದಲು ಎಲ್ಲಿ ಸಿಕ್ಕಿತೋ ಅದನ್ನು ಎತ್ತಿಕೊಂಡು ವಾಪಸ್. ಬೇಕರಿಯಲ್ಲಿ ನಮ್ಮ ಹೆಸರಿಗೇ ಇನ್ನೊಂದು ಪಾರ್ಸೆಲ್ ಇದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಅಮ್ಮನ ಪಟ್ಟಿಯಲ್ಲಿ ಇಲ್ಲದ ಅಂಗಡಿಯಲ್ಲಿ ಇದ್ದರಂತೂ, ಕಣ್ಣೆದುರಿಗೇ ಇದ್ದರೂ, "ಬಂದಿಲ್ಲ" ಅಂತ ಬರುತ್ತಾನೆ. ಆ ಪಟ್ಟಿಯೇ ಪಾಥ್. ನೀವು ಟೈಪ್ ಮಾಡಿದ ಹೆಸರಿನ ಪ್ರೋಗ್ರಾಮನ್ನು ಯಾವ ಯಾವ ಫೋಲ್ಡರ್‌ನಲ್ಲಿ, ಯಾವ ಸಾಲಿನಲ್ಲಿ ಹುಡುಕಬೇಕು ಅನ್ನುವುದು. ಇನ್‌ಸ್ಟಾಲ್ ಅಂದರೆ ಅರ್ಧ ಕೆಲಸ ಫೈಲನ್ನು ಎಲ್ಲೋ ಇಡುವುದು, ಇನ್ನರ್ಧ ಎಲ್ಲಿಟ್ಟೆ ಅಂತ ಪಟ್ಟಿಗೆ ಹೇಳುವುದು. ನನ್ನ ಅನುಭವದಲ್ಲಿ ಮೊದಲ ಅರ್ಧ ಕೆಡುವುದು ಕಡಿಮೆ. ಮೂರು ದಿನ ನಾವು ಒದ್ದಾಡಿದ್ದೂ ಬಹುಪಾಲು ಎರಡನೇ ಅರ್ಧದಲ್ಲೇ.

ಈ ಪಟ್ಟಿ ಮೂರೂ ಕಡೆ ಇದೆ. ಬರೆಯುವ ರೀತಿ ಮಾತ್ರ ಬೇರೆ. ಮ್ಯಾಕ್, ಉಬುಂಟುವಿನಲ್ಲಿ ಎರಡು ಫೋಲ್ಡರ್ ಮಧ್ಯೆ ಕೋಲನ್ ಹಾಕುತ್ತಾರೆ. ವಿಂಡೋಸ್‌ನಲ್ಲಿ ಸಿ ಡ್ರೈವ್ ಅನ್ನುವುದರಲ್ಲೇ ಕೋಲನ್ ಬರುತ್ತದಲ್ಲ, ಅದಕ್ಕೆ ಸೆಮಿಕೋಲನ್. ಫೋಲ್ಡರ್ ಒಳಗೆ ಫೋಲ್ಡರ್ ಬರೆಯಲು ಅಲ್ಲಿ ಮುಂದಕ್ಕೆ ಬಾಗಿದ ಗೀಟು, ಇಲ್ಲಿ ಹಿಂದಕ್ಕೆ ಬಾಗಿದ್ದು. ಇದಕ್ಕೂ ಒಂದು ಕಥೆ ಇದೆ. ವಿಂಡೋಸ್‌ಗಿಂತ ಹಿಂದಿನ ಒಎಸ್ ಆದ ಡಾಸ್‌ನ 1981ರ ಮೊದಲ ವರ್ಷನ್‌ನಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಅನ್ನುವುದೇ ಇರಲಿಲ್ಲ. ಮುಂದಕ್ಕೆ ಬಾಗಿದ ಗೀಟನ್ನು ಆದೇಶದ ಆಯ್ಕೆಗಳಿಗೆ ಬಳಸುತ್ತಿದ್ದರು. 1983ರಲ್ಲಿ ಡಾಸ್ 2.0 ಬಂದು ಫೋಲ್ಡರ್ ಕೊಟ್ಟಾಗ ಆ ಗೀಟು ಆಗಲೇ ಬುಕ್ ಆಗಿತ್ತು, ಹಿಂದಕ್ಕೆ ಬಾಗಿದ್ದನ್ನು ತಗೊಂಡರು. ನಾಲ್ಕು ದಶಕ ಕಳೆದರೂ ನಮ್ಮ ಹುಡುಗ ಅದೇ ಗೀಟು ತಪ್ಪು ಹಾಕಿ ಬೈಸಿಕೊಳ್ಳುತ್ತಿದ್ದಾನೆ.

ನಾನೇನು ಕಮ್ಮಿ ಬೈಸಿಕೊಂಡವನಲ್ಲ. ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಟರ್ಬೋ ಸಿ ಇತ್ತು. ಎಲ್ಲರ ಕಾಲೇಜಿನಲ್ಲೂ ಇತ್ತು ಬಿಡಿ. ಆ ನೀಲಿ ಪರದೆ ನೆನಪಿದೆಯಾ? ಡಾಸ್ ಕಾಲದ ಸಾಫ್ಟ್‌ವೇರನ್ನು ಹೊಸ ವಿಂಡೋಸ್‌ನಲ್ಲಿ ಓಡಿಸಲು ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ಸಿ ಡ್ರೈವ್ ಅಂತ ಒಂದು ಫೋಲ್ಡರ್ ಜೋಡಿಸಿ ಕೂರಬೇಕಿತ್ತು. ಮನೆಗೆ ಬಂದು ಸೀನಿಯರ್ ಕೊಟ್ಟ ಸಿಡಿಯಿಂದ ಅದನ್ನು ಡಿ ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ಮೊದಲ ಸಾಲಿನಲ್ಲೇ ಎಸ್‌ಟಿಡಿಐಒ ಅನ್ನುವ ಫೈಲ್ ತೆರೆಯಲು ಆಗುತ್ತಿಲ್ಲ ಅಂತ ಎರರ್. ಎರಡು ವಾರ ನನಗೆ ಸಿ ಬರುವುದಿಲ್ಲ ಅಂದುಕೊಂಡಿದ್ದೆ. ಆಪ್ಷನ್ಸ್ ಮೆನುವಿನೊಳಗೆ ಡೈರೆಕ್ಟರೀಸ್ ಅಂತ ಒಂದು ಜಾಗ, ಅಲ್ಲಿ ಸಿ ಡ್ರೈವ್ ಅಂತ ಇದ್ದದ್ದನ್ನು ಡಿ ಮಾಡಬೇಕಿತ್ತು. ಒಂದು ಅಕ್ಷರ. ಕೋರ್ಸ್ ಬಿಡೋಣ ಅಂತ ಅಪ್ಪನ ಹತ್ತಿರ ಮಾತು ತೆಗೆಯುವವರೆಗೆ ಹೋಗಿತ್ತು ಆ ಒಂದು ಅಕ್ಷರ.

ಅದಕ್ಕೇ, ಎರಡನೇ ದಿನ ಬೆಳಗ್ಗೆ ಪಕ್ಕದ ತೋಟದ ಹುಡುಗಿ "ಅಂಕಲ್, ನಂಗೆ ಇದು ಆಗಲ್ಲ ಅನ್ಸುತ್ತೆ" ಅಂದಾಗ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ.

ಅವಳ ಮ್ಯಾಕ್‌ನಲ್ಲಿ ಆಗಿದ್ದು ಹೀಗೆ. ಟರ್ಮಿನಲ್‌ನಲ್ಲಿ, ಅಂದರೆ ಮ್ಯಾಕ್‌ನ ಆದೇಶದ ಕಿಟಕಿಯಲ್ಲಿ, ಪೈಥಾನ್ ಅಂತ ಟೈಪ್ ಮಾಡಿದರೆ ಇಲ್ಲ ಅಂತು. ಅವಳ ಅಣ್ಣ ಫೋನ್‌ನಲ್ಲಿ, "ಮ್ಯಾಕ್‌ನಲ್ಲಿ ಪೈಥಾನ್ ಇದ್ದೇ ಇರುತ್ತೆ, ಹುಡುಕು" ಅಂದ. ಇದ್ದದ್ದು ನಿಜ. ಆದರೆ ಅದು ಹಳೇ ಪೈಥಾನ್ 2, ಅದನ್ನು 2022ರಲ್ಲಿ ಮ್ಯಾಕ್‌ಒಎಸ್ 12.3 ಬಂದಾಗ ತೆಗೆದುಹಾಕಿದರು. ಪೈಥಾನ್3 ಅಂತ ಟೈಪ್ ಮಾಡಿದಾಗ ಒಂದು ಪೆಟ್ಟಿಗೆ ಬಂತು: ಡೆವಲಪರ್ ಟೂಲ್ಸ್ ಬೇಕು, ಇನ್‌ಸ್ಟಾಲ್ ಮಾಡಲಾ? ಮಾಡು ಅಂದಳು. ನಮ್ಮ ಮನೆಯಲ್ಲಿ ಮುಂದಿನ ಕಿಟಕಿ ಹತ್ತಿರ ಮಾತ್ರ ಎರಡು ಕಡ್ಡಿ ಟವರ್ ಬರುವುದು. ಅಲ್ಲಿ ಫೋನ್ ಇಟ್ಟು ಹಾಟ್‌ಸ್ಪಾಟ್ ಮಾಡಿದ್ದೆವು. ಉಳಿದ ಸಮಯ ಅಂತ ಅದು ತೋರಿಸುವ ಲೆಕ್ಕ ಒಮ್ಮೆ ಎರಡು ಗಂಟೆ, ಒಮ್ಮೆ ಮೂವತ್ತು ಗಂಟೆ. ಮಧ್ಯೆ ಕರೆಂಟ್ ಹೋಯಿತು, ಇನ್ವರ್ಟರ್ ಕೂಡ ಮಧ್ಯಾಹ್ನಕ್ಕೆ ಕೈ ಎತ್ತಿತು. ಅಂತೂ ಮೊದಲ ದಿನ ಅವಳು ನೋಡಿದ್ದು ಒಂದು ನೀಲಿ ಪಟ್ಟಿ ನಿಧಾನಕ್ಕೆ ತೆವಳುವುದನ್ನು.

ಎರಡನೇ ದಿನ, ಬೇಕಾದ ಸಾಫ್ಟ್‌ವೇರನ್ನು ಒಂದು ಆದೇಶದಲ್ಲಿ ಇಳಿಸಿಕೊಡುವ ಹೋಂಬ್ರೂ ಹಾಕಿದೆವು. ಮ್ಯಾಕ್‌ನಲ್ಲಿ ಪ್ರೋಗ್ರಾಮಿಂಗ್ ಮಾಡುವವರು ಬಹಳ ಜನ ಇದನ್ನೇ ಬಳಸುವುದು. 2009ರಲ್ಲಿ ಮ್ಯಾಕ್ಸ್ ಹೋವೆಲ್ ಅನ್ನುವವರು ಶುರು ಮಾಡಿದ್ದು, ಆಪಲ್‌ನದ್ದಲ್ಲ. ತಮಾಷೆ ಏನಂದರೆ ಇದರ ಭಾಷೆಯೆಲ್ಲ ಮನೆಯಲ್ಲಿ ಬಿಯರ್ ಕಾಯಿಸುವವರ ಭಾಷೆ. ಮಾಡುವ ವಿಧಾನಕ್ಕೆ ಫಾರ್ಮುಲಾ. ಇಡುವ ಜಾಗಕ್ಕೆ ಸೆಲ್ಲರ್. ಮೊದಲೇ ತಯಾರಿಸಿಟ್ಟದ್ದು ಬಾಟಲ್. ದೊಡ್ಡ ಆಪ್‌ಗಳಿಗೆ ಕ್ಯಾಸ್ಕ್. ಮಡಿಕೇರಿಯಲ್ಲಿ ಅಂಗಡಿ ಅಂಗಡಿಗೂ ಹೋಂ ಮೇಡ್ ವೈನ್ ಅಂತ ಬೋರ್ಡ್ ನೋಡಿ ಬೆಳೆದ ಹುಡುಗಿಗೆ ಇದನ್ನು ವಿವರಿಸುವುದೇ ಬೇಕಾಗಲಿಲ್ಲ. "ನಮ್ಮಜ್ಜಿ ಭರಣೀಲಿ ವೈನ್ ಹಾಕ್ತಾರಲ್ಲ, ಹಂಗೆ" ಅಂದಳು. ಹಂಗೇ. ಬಾಟಲ್ ಸಿದ್ಧ ಇದ್ದರೆ ಬೇಗ, ಇಲ್ಲದಿದ್ದರೆ ಹಣ್ಣಿನಿಂದ ಶುರು.

ಹೋಂಬ್ರೂ ಇಳಿಯಿತು. ಬ್ರೂ ಅಂತ ಟೈಪ್ ಮಾಡಿದರೆ, ಕಮಾಂಡ್ ನಾಟ್ ಫೌಂಡ್. ಮತ್ತೆ ಅದೇ ಪಾರ್ಸೆಲ್ ಕಥೆ! ಇಂಟೆಲ್ ಚಿಪ್ ಇದ್ದ ಮ್ಯಾಕ್‌ಗಳಲ್ಲಿ ಹೋಂಬ್ರೂ ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರ್‌ಗೆ ಹೋಗುತ್ತಿತ್ತು. ಅದು ಪಟ್ಟಿಯಲ್ಲಿ ಮೊದಲೇ ಇರುತ್ತದೆ. 2020ರ ಕೊನೆಯಲ್ಲಿ ಆಪಲ್ ತನ್ನದೇ ಚಿಪ್ ಹಾಕಿದ ಮ್ಯಾಕ್ ತಂದ ಮೇಲೆ ಹೋಂಬ್ರೂ ಜಾಗ ಬದಲಾಯಿಸಿತು, ಒಪಿಟಿ ಅನ್ನುವ ಫೋಲ್ಡರ್ ಒಳಗೆ ಹೋಯಿತು. ಆ ಜಾಗ ಪಟ್ಟಿಯಲ್ಲಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಕೊನೆಯಲ್ಲಿ, ಮುಂದೆ ಇದನ್ನು ಮಾಡಿ ಅಂತ ಎರಡು ಮೂರು ಸಾಲು ಬಂದಿರುತ್ತದೆ, ಅದನ್ನು ಕಾಪಿ ಮಾಡಿ ಓಡಿಸಿದರೆ ಪಟ್ಟಿಗೆ ಸೇರುತ್ತದೆ. ಇವಳು ಅದನ್ನು ಓದಿದ್ದಳು, ಪಾಪ. ಆದರೆ ಜೊತೆಗೆ ನೋಡುತ್ತಿದ್ದ ಒಂದು ಹಳೇ ವಿಡಿಯೋದಲ್ಲಿ ಬ್ಯಾಷ್ ಪ್ರೊಫೈಲ್ ಫೈಲ್‌ಗೆ ಬರೆಯಿರಿ ಅಂದಿದ್ದಕ್ಕೆ ಅಲ್ಲಿ ಬರೆದಿದ್ದಳು. 2019ರಿಂದ ಮ್ಯಾಕ್‌ನ ಟರ್ಮಿನಲ್, ಒಳಗೆ ಆದೇಶ ಓದುವ ಪ್ರೋಗ್ರಾಮ್ ಆದ ಬ್ಯಾಷ್ ಬಿಟ್ಟು ಝಡ್‌ಶೆಲ್‌ಗೆ ಬದಲಾಗಿದೆ, ಅದು ಆ ಫೈಲನ್ನು ತೆರೆದೂ ನೋಡುವುದಿಲ್ಲ. ಇದರಲ್ಲಿ ಅವಳ ತಪ್ಪು ಎಲ್ಲಿದೆ ಹೇಳಿ. ಮನೆ ಬದಲಾಯಿಸಿದವರು ಒಬ್ಬರು, ಪೋಸ್ಟ್‌ಮ್ಯಾನ್ ಬದಲಾಗಿದ್ದು ಬೇರೆ ವರ್ಷ, ಹಳೇ ವಿಳಾಸ ಹೇಳಿಕೊಟ್ಟಿದ್ದು ಇನ್ನೊಬ್ಬರು. ನಂಗೆ ಆಗಲ್ಲ ಅಂದಿದ್ದು ಮಾತ್ರ ಇವಳು.

"ಇಷ್ಟೆಲ್ಲಾ ಯಾಕೆ, ಪೈಥಾನನ್ನ ಆಪಲ್‌ನವರು ಇಟ್ಟಿರೋ ಜಾಗದಲ್ಲೇ ಹಾಕಿಬಿಡೋಣ" ಅಂದ ಅಕ್ಕನ ಮಗ, ಅವಳ ಮುಂದೆ ಜಾಣ ಅನ್ನಿಸಿಕೊಳ್ಳಲು. ಆಗುವುದಿಲ್ಲ. 2015ರಿಂದ ಸಿಸ್ಟಮ್‌ನ ಆ ಫೋಲ್ಡರ್‌ಗಳಿಗೆ ಬೀಗ. ಪಾಸ್‌ವರ್ಡ್ ಕೊಟ್ಟು ಅಡ್ಮಿನ್ ಆದರೂ ಬರೆಯಲು ಬಿಡುವುದಿಲ್ಲ. ಮನೆ ನಿಮ್ಮದೇ, ಒಂದು ಕೋಣೆಯ ಬೀಗದ ಕೈ ಮಾತ್ರ ಆಪಲ್ ಹತ್ತಿರ. ನನಗೆ ಮೊದಲು ಇದು ಸಿಟ್ಟು ತರಿಸುತ್ತಿತ್ತು. ಉಬುಂಟುವಿನಲ್ಲಿ ನಾನೇ ಮಾಡಿಕೊಂಡ ಒಂದು ಅನಾಹುತದ ಮೇಲೆ ಬೀಗವೂ ವಾಸಿ ಅನ್ನಿಸಿತು.

ಅದನ್ನೂ ಹೇಳುತ್ತೇನೆ. ಉಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ, ನಿಮಗಾಗಿ ಅಲ್ಲ, ಅದರದೇ ಕೆಲಸಕ್ಕೆ. ಒಮ್ಮೆ ನನಗೆ ಹೊಸ ವರ್ಷನ್ ಬೇಕಿತ್ತು. ಪೈಥಾನ್3 ಅಂದರೆ ಹೊಸದೇ ಬರಲಿ ಅಂತ ಸಿಸ್ಟಮ್‌ನ ಕೊಂಡಿಯನ್ನೇ ತಿರುಗಿಸಿಬಿಟ್ಟೆ. ಆರಾಮಾಗಿ ಕಾಫಿ ಕುಡಿದು ಬಂದು ನೋಡಿದರೆ ಟರ್ಮಿನಲ್ ತೆರೆಯುತ್ತಿಲ್ಲ. ಒತ್ತಿದರೆ ಒಂದು ಕ್ಷಣ ಚಕ್ರ ತಿರುಗುತ್ತದೆ, ನಿಲ್ಲುತ್ತದೆ. ಟರ್ಮಿನಲ್ ಶುರು ಮಾಡುವ ಸ್ಕ್ರಿಪ್ಟೇ ಪೈಥಾನ್‌ನಲ್ಲಿ ಬರೆದದ್ದು, ಅದು ಹಳೇ ಪೈಥಾನನ್ನೇ ನಂಬಿಕೊಂಡಿತ್ತು. ಸರಿಮಾಡಲು ಟರ್ಮಿನಲ್ ಬೇಕು, ಟರ್ಮಿನಲ್ ತೆರೆಯಲು ಸರಿಯಾಗಬೇಕು. ಕೂತ ಕೊಂಬೆ ಕಡಿದುಕೊಳ್ಳುವುದು ಅಂದರೆ ಇದೇ ನೋಡಿ. ಕೊನೆಗೆ ಕಂಟ್ರೋಲ್, ಆಲ್ಟ್ ಜೊತೆ ಎಫ್3 ಒತ್ತಿ ಪೂರ್ತಿ ಕಪ್ಪು ಪರದೆಗೆ ಹೋಗಿ, ಅಲ್ಲಿಂದ ಕೊಂಡಿ ವಾಪಸ್ ತಿರುಗಿಸಿದೆ.

ಮೇಷ್ಟ್ರ ಮಗ ಇಂಥದ್ದೇನೂ ಮಾಡಿಕೊಂಡಿರಲಿಲ್ಲ. ಅವನದ್ದೇ ಎಲ್ಲರಿಗಿಂತ ಬೇಗ ಆಗಿದ್ದು, ಆ ಡಬ್ಬಾ ಲ್ಯಾಪ್‌ಟಾಪ್‌ನಲ್ಲಿ! ಸುಡೋ ಆಪ್ಟ್ ಇನ್‌ಸ್ಟಾಲ್ ಅಂದು ಬೇಕಾದ್ದರ ಹೆಸರು ಬರೆದರೆ ಮುಗಿಯಿತು. ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೇಕಾ, ಬಿಲ್ಡ್ ಎಸೆನ್ಷಿಯಲ್ ಅನ್ನುವ ಒಂದೇ ಹೆಸರಿನಲ್ಲಿ ಕಂಪೈಲರ್, ಮೇಕ್, ಅದಕ್ಕೆ ಬೇಕಾದ್ದೆಲ್ಲ ಬಂತು. ಕರೆಂಟ್ ಹೋಗಿ ಬಂದರೆ ಅರ್ಧಕ್ಕೆ ನಿಂತದ್ದು ಅಲ್ಲಿಂದಲೇ ಮುಂದುವರಿಯಿತು. ಒಂದೇ ಗಾಬರಿ ಅಂದರೆ, "ಅಣ್ಣ, ಪಾಸ್‌ವರ್ಡ್ ಟೈಪೇ ಆಗ್ತಿಲ್ಲ, ಕೀಬೋರ್ಡ್ ಹೋಯ್ತಾ" ಅಂತ ಕೇಳಿದ. ಟೈಪ್ ಆಗುತ್ತಲೇ ಇತ್ತು, ಅವನ ಉಬುಂಟು ಚುಕ್ಕಿ ಕೂಡ ತೋರಿಸುತ್ತಿರಲಿಲ್ಲ ಅಷ್ಟೇ.

ಉಬುಂಟುವಿನದ್ದು ಸೊಸೈಟಿ ಪದ್ಧತಿ. ಒಂದೇ ಕಿಟಕಿ, ಒಳಗಿನ ಸಾಮಾನೆಲ್ಲ ಅವರೇ ನೋಡಿ, ತೂಗಿ, ಮುದ್ರೆ ಹಾಕಿ ಇಟ್ಟಿರುತ್ತಾರೆ. ಯಾವುದು ಎಲ್ಲಿಗೆ ಹೋಗಬೇಕು ಅನ್ನುವುದೂ ಅವರದೇ ತೀರ್ಮಾನ. ಹಾಗಾಗಿ ಪಾಥ್ ತಲೆನೋವು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಎಲ್ಲವೂ ಪಟ್ಟಿಯಲ್ಲಿರುವ ಅಂಗಡಿಗೇ ಬರುತ್ತದೆ. ಬದಲಿಗೆ ಸ್ಟಾಕ್ ಸ್ವಲ್ಪ ಹಳೆಯದು. ಇದು 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್‌ನಿಂದ ಬಂದ ಸಂಪ್ರದಾಯ, 2004ರಲ್ಲಿ ಬಂದ ಉಬುಂಟು ಅದರ ಮೇಲೇ ನಿಂತಿದೆ. ವಿಂಡೋಸ್‌ನದ್ದು ಸಂತೆ. ಯಾರು ಬೇಕಾದರೂ ಬಂದು ತಮ್ಮ ಟಾರ್ಪಲ್ ಹಾಸಿಕೊಳ್ಳಬಹುದು, ತಮ್ಮ ತಕ್ಕಡಿ ತಾವೇ ತರಬೇಕು. ಪ್ರತಿ ಸಾಫ್ಟ್‌ವೇರೂ ತನ್ನ ಇನ್‌ಸ್ಟಾಲರ್ ತಾನೇ ಹೊತ್ತು ತರುತ್ತದೆ, ತನಗೆ ಬೇಕಾದ ಕಡೆ ಕೂರುತ್ತದೆ, ಪಾಥ್ ಮುಟ್ಟಿದರೆ ಮುಟ್ಟಿತು ಇಲ್ಲದಿದ್ದರೆ ಇಲ್ಲ. ಈಗ ವಿಂಗೆಟ್ ಅಂತ ಮೈಕ್ರೋಸಾಫ್ಟ್‌ನವರದೇ ಒಂದು ಕಮಾಂಡ್ ಬಂದಿದೆ, 2021ರಲ್ಲಿ ಅದರ 1.0 ವರ್ಷನ್ ಬಂತು, ಒಂದು ಸಾಲಿನಲ್ಲಿ ಇಳಿಸಿಕೊಡುತ್ತದೆ. ಆದರೂ ಒಳಗೆ ಓಡುವುದು ಬಹಳ ಸಲ ಅದೇ ಸಂತೆಯ ಇನ್‌ಸ್ಟಾಲರ್.

ಸಂತೆಯನ್ನು ಸುಮ್ನೆ ಬೈಯಲೂ ನನಗೆ ಮನಸ್ಸಿಲ್ಲ. ಎರಡು ಕಡ್ಡಿ ಟವರ್ ಇರುವ ಊರಿನಲ್ಲಿ ಒಂದು ಇನ್‌ಸ್ಟಾಲರ್ ಫೈಲ್ ಪೆನ್‌ಡ್ರೈವ್‌ನಲ್ಲಿ ಮನೆಯಿಂದ ಮನೆಗೆ ಹೋಗುತ್ತದಲ್ಲ, ಅದು ಸಣ್ಣ ವಿಷಯವಲ್ಲ. ಆಪ್ಟ್‌ನಲ್ಲಿ ಒಂದು ಸಾಮಾನು ಕೇಳಿದರೆ ಅದರ ಹಿಂದೆ ಇಪ್ಪತ್ತು ನೆಂಟರು ಬರುತ್ತಾರೆ, ಅವರನ್ನೆಲ್ಲ ಒಬ್ಬೊಬ್ಬರಾಗಿ ಪೆನ್‌ಡ್ರೈವ್‌ಗೆ ಹತ್ತಿಸುವುದು ಸುಲಭವಲ್ಲ. ಸೊಸೈಟಿ ಚೆನ್ನ, ಆದರೆ ರಸ್ತೆ ಚೆನ್ನಾಗಿರುವವರಿಗೆ.

ನಮ್ಮ ಅಕ್ಕನ ಮಗನ ಪೈಥಾನ್ ಕೂಡ ಹಾಗೇ ಗೆಳೆಯನ ಪೆನ್‌ಡ್ರೈವ್‌ನಿಂದ ಬಂದದ್ದು. ಅಲ್ಲೇ ಇತ್ತು ಇನ್ನೊಂದು ಮುಳ್ಳು. ಅದು 32 ಬಿಟ್‌ನದ್ದು, ಹಳೇದು. ಮಳೆಯ ಗ್ರಾಫ್ ತೆಗೆಯಲು ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕೋಣ ಅಂತ, ಅದನ್ನು ಇಳಿಸಿಕೊಡುವ ಪಿಪ್ ಓಡಿಸಿದರೆ ಒಂದು ಪುಟ ಕೆಂಪು ಅಕ್ಷರ, ಕೊನೆಯಲ್ಲಿ ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14 ಬೇಕು ಅಂತ. ಪೈಥಾನ್ ಕೇಳಿದರೆ ಸಿ ಪ್ಲಸ್ ಪ್ಲಸ್ ಯಾಕೆ ಬೇಕು ಮಾಮ? ಯಾಕೆಂದರೆ ಎಷ್ಟೋ ಪೈಥಾನ್ ಲೈಬ್ರರಿಗಳ ಒಳಗಡೆ ವೇಗಕ್ಕೆ ಅಂತ ಸಿ ಭಾಷೆಯಲ್ಲಿ ಬರೆದ ಭಾಗ ಇರುತ್ತದೆ. ಸಾಮಾನ್ಯವಾಗಿ ಅದನ್ನು ಕಂಪೈಲ್ ಮಾಡಿಯೇ ಕೊಟ್ಟಿರುತ್ತಾರೆ, ವೀಲ್ ಅನ್ನುತ್ತಾರೆ ಅದಕ್ಕೆ. ನಿಮ್ಮ ಪೈಥಾನ್‌ನ ವರ್ಷನ್‌ಗೆ, ನಿಮ್ಮ ಒಎಸ್‌ಗೆ, ನಿಮ್ಮ ಚಿಪ್‌ಗೆ ಹೊಂದುವ ವೀಲ್ ಇಲ್ಲದಿದ್ದರೆ ಪಿಪ್ ಮೂಲ ಕೋಡ್ ತಂದು ನಿಮ್ಮ ಅಂಗಳದಲ್ಲಿ ಸುರಿಯುತ್ತದೆ. ಕಾಫಿ ಪುಡಿ ಕೇಳಿದವನಿಗೆ ಕೆಂಪು ಹಣ್ಣಿನ ಮೂಟೆ ಇಳಿಸಿ, ಸಿಪ್ಪೆ ಬಿಡಿಸುವ ಪಲ್ಪರ್ ಇದೆಯಾ, ಕಣ ಇದೆಯಾ ಅಂತ ಕೇಳಿದ ಹಾಗೆ. ಉಬುಂಟುವಿನಲ್ಲಿ ಪಲ್ಪರ್, ಅಂದರೆ ಕಂಪೈಲರ್, ಒಂದು ಸಾಲಿನಲ್ಲಿ ಬರುತ್ತದೆ. ಮ್ಯಾಕ್‌ನಲ್ಲಿ ಆ ಡೆವಲಪರ್ ಟೂಲ್ಸ್ ಜೊತೆಗೇ ಬಂದಿರುತ್ತದೆ (ಜಿಸಿಸಿ ಅಂತ ಟೈಪ್ ಮಾಡಿದರೂ ಓಡುವುದು ಕ್ಲ್ಯಾಂಗ್, ಬೋರ್ಡ್ ಒಂದು ಸಾಮಾನು ಒಂದು). ವಿಂಡೋಸ್‌ನಲ್ಲಿ ಪಲ್ಪರ್ ತರಲು ಗಿಗಾಬೈಟ್‌ಗಟ್ಟಲೆ ಇಳಿಸಬೇಕು. ನಾವು ಇಳಿಸಲಿಲ್ಲ. ಸ್ಟೋರ್‌ನದ್ದು, ಪೆನ್‌ಡ್ರೈವ್‌ನದ್ದು ಎರಡನ್ನೂ ಕಿತ್ತು, 64 ಬಿಟ್‌ನ ಹೊಸದೊಂದನ್ನು, ಚೌಕಕ್ಕೆ ಟಿಕ್ ಹಾಕಿ, ಹಾಕಿದೆವು. ಹಳೇ ಕಪ್ಪು ಕಿಟಕಿ ಮುಚ್ಚಿ ಹೊಸದು ತೆರೆಯಬೇಕು ಅನ್ನುವುದನ್ನು ನಾನೇ ಮರೆತು ಹತ್ತು ನಿಮಿಷ ತಲೆ ಕೆರೆದುಕೊಂಡೆ. ತೆರೆದಿರುವ ಕಿಟಕಿಯ ಕೈಯಲ್ಲಿರುವುದು ಹಳೇ ಪಟ್ಟಿ.

ಅವನಿಗೆ ಒಂದು ಅಭ್ಯಾಸ ಮಾಡಿಸಿದೆ, ಯಾವುದು ಓಡುತ್ತಿದೆ ಅಂತ ಮೊದಲು ಕೇಳುವುದು. ಮ್ಯಾಕ್, ಉಬುಂಟುವಿನಲ್ಲಿ ವಿಚ್ ಅನ್ನಬೇಕು, ವಿಂಡೋಸ್‌ನಲ್ಲಿ ವೇರ್. ವಿಂಡೋಸ್‌ನದ್ದೇ ಇನ್ನೊಂದು ಆದೇಶದ ಕಿಟಕಿ ಪವರ್‌ಶೆಲ್ ಒಳಗೆ ವೇರ್ ಅಂದರೆ ಬೇರೆಯೇ ಅರ್ಥ, ಅಲ್ಲಿ ವೇರ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಹೇಳಬೇಕು. ಹೌದು, ನಾನು ಮಾಡಿದ್ದಲ್ಲ ಇದು.

ಉಬುಂಟುವಿನ ಹುಡುಗನೂ ಆ ಲೈಬ್ರರಿಗೆ ಪಿಪ್ ಓಡಿಸಿದ, ಅವನಿಗೂ ಬೈಗುಳ ಬಂತು: ಈ ಪೈಥಾನನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ, ಮುಟ್ಟಬೇಡ. ಉಬುಂಟು, ಡೆಬಿಯನ್‌ನಲ್ಲಿ 2023ರಿಂದ ಹೀಗೆ. ನನ್ನಂಥವರು ಕೊಂಬೆ ಕಡಿದುಕೊಂಡ ಮೇಲೆ ಹಾಕಿದ ಬೇಲಿ ಅಂತ ನಾನು ಅಂದುಕೊಂಡಿದ್ದೇನೆ. ನಿಮ್ಮ ಪ್ರಾಜೆಕ್ಟ್‌ಗೆ ಅಂತ ಒಂದು ವೆನ್ವ್ (ಪ್ರತ್ಯೇಕ ಪೈಥಾನ್ ಫೋಲ್ಡರ್) ಮಾಡಿಕೊಂಡು ಅದರೊಳಗೆ ಏನು ಬೇಕಾದರೂ ಹಾಕಿಕೊಳ್ಳಿ, ಕೆಟ್ಟರೆ ಆ ಫೋಲ್ಡರ್ ಅಳಿಸಿದರೆ ಆಯಿತು. ವೆನ್ವ್ ಮೂರೂ ಕಡೆ ಒಂದೇ ಥರ ಇರಬೇಕಲ್ಲ? ಅದನ್ನು ಚಾಲೂ ಮಾಡುವ ಫೈಲ್ ಉಬುಂಟು, ಮ್ಯಾಕ್‌ನಲ್ಲಿ ಬಿನ್ ಫೋಲ್ಡರ್‌ನಲ್ಲಿ, ವಿಂಡೋಸ್‌ನಲ್ಲಿ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ. ನಗಬೇಡಿ.

ಬೆಂಗಳೂರಿನ ಗೆಳೆಯನೊಬ್ಬ ಫೋನ್‌ನಲ್ಲಿ ಇದನ್ನೆಲ್ಲ ಕೇಳಿ, "ಡಾಕರ್ ಹಾಕು ಮಾರಾಯ, ಮೂರೂ ಒಂದೇ ಆಗುತ್ತೆ" ಅಂದ. ಸರಿ. ವಿಂಡೋಸ್, ಮ್ಯಾಕ್‌ನಲ್ಲಿ ಡಾಕರ್ ಅಂದರೆ ಒಳಗೊಂದು ಲಿನಕ್ಸ್ ಕಂಪ್ಯೂಟರನ್ನೇ ಓಡಿಸುವುದು. ನಮ್ಮ ಹುಡುಗನ ವಿಂಡೋಸ್‌ನಲ್ಲಿ ಇರುವ ರ‍್ಯಾಮ್ ನಾಲ್ಕು ಜಿಬಿ. ಕ್ರೋಮ್ ತೆರೆದರೇ ಅದು ಏದುಸಿರು ಬಿಡುತ್ತದೆ.

ಮೂರನೇ ದಿನ ಮಧ್ಯಾಹ್ನ, ಮೂರರಲ್ಲೂ ಪೈಥಾನ್ ಇದೆ. ಹುಡುಗಿ ಟೈಪ್ ಮಾಡಿದ ಮಳೆ ಫೈಲನ್ನು ಮೂವರೂ ಹಂಚಿಕೊಂಡರು. ಮ್ಯಾಕ್‌ನಲ್ಲಿ ಓಡಿತು. ಉಬುಂಟುವಿನಲ್ಲಿ ಫೈಲ್ ಇಲ್ಲ ಅಂತು. ಫೈಲ್ ಹೆಸರಿನಲ್ಲಿ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಿತ್ತು, ಪ್ರೋಗ್ರಾಮ್‌ನಲ್ಲಿ ಚಿಕ್ಕದು. ಮ್ಯಾಕ್, ವಿಂಡೋಸ್ ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ, ಉಬುಂಟುವಿಗೆ ಅವೆರಡೂ ಬೇರೆ ಬೇರೆ ಫೈಲ್. ವಿಂಡೋಸ್‌ನಲ್ಲಿ ಫೈಲ್ ಸಿಕ್ಕಿತು, ಓದಲು ಹೋಗಿ ಬಿತ್ತು: ಚಾರ್‌ಮ್ಯಾಪ್ ಇಂಥ ಬೈಟ್ ಓದಲಾರದು. ಯಾವ ಬೈಟ್? "ಜೋರು ಗಾಳಿ". ಅಪ್ಪನ ಕನ್ನಡ ಸಾಲು! ಪೈಥಾನ್ ಒಂದು ಫೈಲ್ ತೆರೆಯುವಾಗ ಯಾವ ಲಿಪಿ ಸಂಕೇತ ಅಂತ ನೀವು ಹೇಳದಿದ್ದರೆ ಒಎಸ್ ಅನ್ನು ಕೇಳುತ್ತದೆ. ಮ್ಯಾಕ್, ಉಬುಂಟು ಎಲ್ಲ ಲಿಪಿಗಳಿಗೂ ಜಾಗ ಇರುವ ಯುಟಿಎಫ್-8 ಅನ್ನುತ್ತವೆ. ವಿಂಡೋಸ್ ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಅಂತ ಮಾಡಿದ ತನ್ನ ಹಳೇ ಕೋಷ್ಟಕ ಹಿಡಿದುಕೊಂಡು ಕೂರುತ್ತದೆ, ಅದರಲ್ಲಿ ಜೋ ಎಲ್ಲಿ, ರು ಎಲ್ಲಿ. ಪೈಥಾನ್ 3.15ರಿಂದ ಎಲ್ಲ ಕಡೆ ಯುಟಿಎಫ್-8 ಅಂತಲೇ ತಿಳಿದುಕೊಳ್ಳುವುದು ಅಂತ ತೀರ್ಮಾನವಾಗಿದೆ. ಅಲ್ಲಿಯವರೆಗೆ ಎನ್‌ಕೋಡಿಂಗ್ ಅಂತ ಒಂದು ಮಾತು ನಾವೇ ಸೇರಿಸಬೇಕು. ಇಂಗ್ಲಿಷ್‌ನಲ್ಲೇ ಬರೆಯುವವರಿಗೆ ಈ ಗುಂಡಿ ಇರುವುದೇ ಗೊತ್ತಾಗುವುದಿಲ್ಲ, ಕನ್ನಡದಲ್ಲಿ ಒಂದು ಸಾಲು ಬರೆದರೆ ಮೊದಲ ದಿನವೇ ಕಾಲು ಹಾಕುತ್ತೇವೆ.

ಸೇರಿಸಿದ. ಸಂಜೆ ಐದೂವರೆಗೆ ಮೂರು ಪರದೆಯಲ್ಲೂ ಒಂದೇ ಸಂಖ್ಯೆ ಬಂತು, 38.74. ಮಕ್ಕಳು ಕಿರುಚಿದ ರಭಸಕ್ಕೆ ನಾಯಿ ಎದ್ದು ಬೊಗಳಿತು. ಅಮ್ಮ ಒಲೆಯಿಂದ ಬಿಸಿ ಬಿಸಿ ಬೋಂಡ ತಂದಿಟ್ಟರು.

ಅಪ್ಪ ಕನ್ನಡಕ ಏರಿಸಿಕೊಂಡು ಬಂದು ಪರದೆ ನೋಡಿದರು. ಪುಸ್ತಕದ ಪುಟ ತಿರುಗಿಸಿದರು. "ಹೋದ ವರ್ಷ ಜುಲೈ ಮೂವತ್ತಾರು ಇಂಚು ಐವತ್ತೆಂಟು ಸೆಂಟು. ನಾನು ಆಗ್ಲೇ ಕೂಡಿ ಇಟ್ಟಿದ್ದೀನಲ್ಲ, ಇಲ್ಲೇ ಕೆಳಗೆ."

ಎರಡು ಇಂಚು ಹದಿನಾರು ಸೆಂಟ್ ಜಾಸ್ತಿ. ಮೂರು ಒಎಸ್‌ನಲ್ಲೂ, ಕರಾರುವಾಕ್ಕಾಗಿ ಒಂದೇ ಥರ ಜಾಸ್ತಿ. ಹುಡುಗಿ ಸಾಲು ಸಾಲಾಗಿ ಬೆರಳಿಟ್ಟುಕೊಂಡು ಪುಸ್ತಕ, ಫೈಲ್ ಎರಡನ್ನೂ ತಾಳೆ ನೋಡಿದಳು. ಒಂದು ಅಂಕಿಯೂ ತಪ್ಪಾಗಿರಲಿಲ್ಲ. ಆಮೇಲೆ ಒಂದು ಸಾಲಿನಲ್ಲಿ ನಿಂತಳು.

"ತಾತ, ಇಲ್ಲಿ 1.5 ಅಂತ ಬರೆದಿದ್ದೀರಲ್ಲ, ಇದು ಒಂದೂವರೆ ಇಂಚು ಅಲ್ವಾ?"

"ಒಂದೂವರೆ ಯಾಕಮ್ಮ? ಒಂದು ಇಂಚು, ಐದು ಸೆಂಟು."

ಅಂಥ ದಿನ ಆ ತಿಂಗಳಲ್ಲಿ ಐದು ಇದ್ದವು.